ಹಳೆಯ ಫೋರ್‌ವೀಲ್ ಜೀಪು: ನಾಲೆ ಬಯಲಿನಲ್ಲಿ ಕೊಳ್ಳುವುದು, ಕಾಪಾಡುವುದು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಹಳೆಯ ಫೋರ್‌ವೀಲ್ ಜೀಪು ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಆಕ್ಸಲ್ ಮತ್ತು ಗೇರ್‌ಬಾಕ್ಸ್ ಒಳಗೆ ಸೇರಿಕೊಳ್ಳುವ ನೀರು. ಇನ್ನೊಂದು, ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಲ್ಲೇ ನಿಲ್ಲುವುದು. ಭಾರ, ಏರು, ವಯಸ್ಸು ಇವುಗಳ ಸರದಿ ಆಮೇಲಿನದು. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಕಡೆ ಗದ್ದೆ, ಕಬ್ಬಿನ ತೋಟಗಳ ನಡುವಿನ ಬಂಡಿದಾರಿ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಮಳವಳ್ಳಿಯಿಂದ ತೆಂಕಣಕ್ಕೆ, ಶಿಂಷಾ, ಮುತ್ತತ್ತಿಯ ಕಡೆ, ನೆಲ ಒಣಗಿದ್ದು ಕಲ್ಲು ಮತ್ತು ಇಳಿಜಾರು ಜಾಸ್ತಿ. ಮೊದಲ ಸೀಮೆಯ ಗಾಡಿಯಲ್ಲಿ ಸೀಲು, ಬೇರಿಂಗುಗಳು ಹೋಗುತ್ತವೆ. ಎರಡನೆಯ ಸೀಮೆಯದರಲ್ಲಿ ಪಟ್ಟಾ, ಬುಷ್, ಸ್ಟೀರಿಂಗ್ ಜಾಯಿಂಟುಗಳು. ಎಂಜಿನ್ ಸದ್ದು ಚೆನ್ನಾಗಿದೆ ಎಂದ ಮಾತ್ರಕ್ಕೆ ಗಾಡಿ ಚೆನ್ನಾಗಿದೆ ಎನ್ನಲಾಗದು. ಹಳೆಯ ಫೋರ್‌ವೀಲ್ ಗಾಡಿಯ ಆಯಸ್ಸನ್ನು ತೀರ್ಮಾನಿಸುವುದು ಕೆಳಗಿನ ಎಣ್ಣೆ.

ಕೈಗೆಟಕುವ ಗಾಡಿಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯವು ವಿಲ್ಲಿಸ್ ಮಾದರಿಯಿಂದ ಬೆಳೆದು ಬಂದ ಮಹೀಂದ್ರ ಜೀಪುಗಳು. ಇವುಗಳಲ್ಲಿ ಪ್ಯೂಜೊ ಮೂಲದ 2112 ಸಿ.ಸಿ. ಡೀಸೆಲ್ ಎಂಜಿನ್ನಿನ ಎಂಎಂ 540ಕ್ಕೆ ಇಂದಿಗೂ ಬೇಡಿಕೆಯಿದೆ. ಎರಡನೆಯದು 1985ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ. ಹಗುರ ಮೈಯ ಪೆಟ್ರೋಲ್ ಗಾಡಿ. ಮೂರನೆಯವು ಸೇನೆಯ ಹರಾಜಿನಿಂದ ಹೊರಬಂದ, ಜಬಲ್ಪುರದಲ್ಲಿ ತಯಾರಾದ ಜೋಂಗಾದಂಥ ಗಾಡಿಗಳು. ನಾಲ್ಕು ಲೀಟರ್ ಹತ್ತಿರದ ಪೆಟ್ರೋಲ್ ಎಂಜಿನ್ನಿನ ಜೋಂಗಾ ನೋಡಲು ಗಂಭೀರ. ಇಂಧನದ ಲೆಕ್ಕ ಇಟ್ಟು ಬದುಕುವವರಿಗೆ ಹೇಳಿದ್ದಲ್ಲ.

ನಾಲ್ಕೂ ಚಕ್ರ ಎಳೆಯುವ ಬಗೆ

ಈ ಗಾಡಿಗಳೆಲ್ಲ ಬೇಕೆಂದಾಗ ಮಾತ್ರ ಫೋರ್‌ವೀಲ್ ಹಾಕುವ ಜಾತಿಯವು. ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಎಂಜಿನ್ ಬಲವನ್ನು ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ ಹಂಚುತ್ತದೆ. ಫೋರ್‌ವೀಲ್ ಹಾಕಿದೊಡನೆ ಎರಡೂ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ತೊಂದರೆ ಶುರುವಾಗುವುದು ತಿರುವಿನಲ್ಲಿ. ಅಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಆ ಅಂತರವನ್ನು ಸರಿದೂಗಿಸುತ್ತದೆ. ಟಾರು ರಸ್ತೆಯಲ್ಲಿ ಟೈರು ಜಾರದು. ಬಿಗಿ ಶಾಫ್ಟಿನೊಳಗೆ, ಕ್ರಾಸ್‌ಗಳಲ್ಲಿ, ಕ್ರೌನ್ ಪಿನಿಯನ್ ಹಲ್ಲುಗಳಲ್ಲಿ ತುಂಬಿಕೊಳ್ಳುತ್ತ ಹೋಗುತ್ತದೆ. ಸ್ಟೀರಿಂಗ್ ಭಾರವಾಗುವುದು, ಲಿವರ್ ಹಿಂದಕ್ಕೆ ಬಾರದೆ ಹಿಡಿದುಕೊಳ್ಳುವುದು ಇದರ ಲಕ್ಷಣ. ಆಗ ಲಿವರನ್ನು ಒದ್ದು ಬಿಡಿಸಬಾರದು. ಗಾಡಿಯನ್ನು ನೇರವಾಗಿ ಕೆಲವು ಮಾರು ಹಿಂದಕ್ಕೆ ತೆಗೆದುಕೊಂಡರೆ ಬಿಗಿ ಸಡಿಲಗೊಂಡು ಲಿವರ್ ತಾನಾಗಿ ಬರುತ್ತದೆ.

ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು, ಸವೆತವೂ ಹತ್ತಿರ ಹತ್ತಿರ ಒಂದೇ ಮಟ್ಟದಲ್ಲಿರಬೇಕು. ಹಿಂದೆ ಎರಡು ಹೊಸ ಟೈರು, ಮುಂದೆ ಎರಡು ಬೋಳು ಟೈರು ಹಾಕಿದ ಗಾಡಿ ನೇರ ದಾರಿಯಲ್ಲೂ ತನ್ನ ಹಲ್ಲುಗಳನ್ನು ತಾನೇ ತಿನ್ನುತ್ತಿರುತ್ತದೆ.

ಲೋ ಗೇರಿನ ಕೆಲಸ ಬೇರೆ. ವಿಲ್ಲಿಸ್ ಕಾಲದ ಟ್ರಾನ್ಸ್‌ಫರ್ ಕೇಸಿನಲ್ಲಿ ಇದು ವೇಗವನ್ನು ಸುಮಾರು 2.46 ಪಟ್ಟು ಇಳಿಸಿ ಎಳೆತವನ್ನು ಅಷ್ಟೇ ಏರಿಸುತ್ತದೆ. ಮುತ್ತತ್ತಿ ಕಡೆಯ ಇಳಿಜಾರುಗಳಲ್ಲಿ ಬ್ರೇಕಿನ ಬದಲು ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವುದು ಈ ಗೇರಿನಿಂದ. ಒಂದು ಮಿತಿಯನ್ನು ಮಾತ್ರ ತಿಳಿದಿರಬೇಕು: ನಾಲ್ಕು ಚಕ್ರ ಎಂಬುದು ಹೆಸರಿಗೆ. ಎರಡೂ ಆಕ್ಸಲ್‌ಗಳಲ್ಲಿ ಸಾದಾ ಡಿಫರೆನ್ಷಿಯಲ್ ಇರುವುದರಿಂದ, ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರ ಹಿಡಿತ ಕಳೆದುಕೊಂಡರೆ ಅವೆರಡೇ ಗಿರಗಿರ ತಿರುಗುತ್ತವೆ, ಗಾಡಿ ಕದಲುವುದಿಲ್ಲ. ಬದುವನ್ನು ಓರೆಯಾಗಿ ಹತ್ತಿಸುವವರಿಗೆ ಇದು ಆಗುತ್ತಲೇ ಇರುತ್ತದೆ.

ಕೊಳ್ಳುವಾಗ

ಎಂಜಿನ್ ರಿಪೇರಿಗೆ ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ ಕೈ ಪಳಗಿದ ಮೇಸ್ತ್ರಿಗಳಿಗೆ ಬರವಿಲ್ಲ. ಚಾಸಿ ಮತ್ತು ದಾಖಲೆ ಕೆಟ್ಟಿದ್ದರೆ ಅದಕ್ಕೆ ಮೇಸ್ತ್ರಿ ಇಲ್ಲ. ಆದ್ದರಿಂದ ನೋಡುವ ಕ್ರಮ ಕೆಳಗಿನಿಂದ ಮೇಲಕ್ಕೆ ಇರಬೇಕು.

1. ಹೊಸ ಬಣ್ಣದ ಕೆಳಗೆ ಚಾಸಿ ನೋಡಬೇಕು. ಪಟ್ಟಾ ಕೂರುವ ಹ್ಯಾಂಗರುಗಳ ಬುಡ, ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆದ ಜಾಗ, ಅಡ್ಡಪಟ್ಟಿಗಳ ಸೇರುವೆ ಇಲ್ಲಿ ಬಿರುಕು, ಮೇಲುಮೇಲೆ ಹಾಕಿದ ವೆಲ್ಡಿಂಗ್ ಇದ್ದರೆ ಅದು ಎಳನೀರು, ಇಟ್ಟಿಗೆ ಹೊತ್ತು ಸೋತ ಗಾಡಿ.

2. ಫೋರ್‌ವೀಲ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಮಣ್ಣಿನ ಮೇಲೆ ಓಡಿಸಿ ನೋಡಬೇಕು. ಕ್ಯಾಬಿನ್ನಿನಲ್ಲಿ ಲಿವರ್ ಇದ್ದು ಕೆಳಗೆ ಮುಂದಿನ ಶಾಫ್ಟೇ ಇಲ್ಲದ ಗಾಡಿಗಳಿವೆ. ಮಹೀಂದ್ರದ ಹಲವು ಮಾದರಿಗಳು ಟೂವೀಲ್ ಆಗಿಯೂ ಮಾರಾಟವಾಗಿದ್ದವು.

3. ಲೋ ಗೇರಿನಲ್ಲಿ ಓಡಿಸುತ್ತ ಆಕ್ಸಿಲರೇಟರ್ ಒತ್ತಿ ಬಿಡಬೇಕು. ಲಿವರ್ ತಾನಾಗಿ ಜಿಗಿದು ಬಂದರೆ ಟ್ರಾನ್ಸ್‌ಫರ್ ಕೇಸ್ ಒಳಗಿನ ಹಲ್ಲು ಅಥವಾ ಬೇರಿಂಗ್ ಸವೆದಿದೆ.

4. ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಟ ಕಂಡರೆ ಕಿಂಗ್‌ಪಿನ್ ಅಥವಾ ಹಬ್ ಬೇರಿಂಗ್. ಎಡಕ್ಕೆ ಬಲಕ್ಕೆ ಆಟ ಇದ್ದರೆ ಟೈರಾಡ್ ಜಾಯಿಂಟು.

5. ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಕೈಯಿಂದ ಒರೆಸಿ, ಆರ್‌ಸಿ ಜೊತೆ ಅಕ್ಷರ ಅಕ್ಷರ ಹೋಲಿಸಬೇಕು. ಇಂಧನದ ಬಗೆ, ಸೀಟುಗಳ ಸಂಖ್ಯೆ, ಬಾಡಿಯ ಬಗೆ ಇವೂ ಹೊಂದಬೇಕು.

ಐದನೆಯದನ್ನು ಅವಸರದಲ್ಲಿ ಬಿಟ್ಟವರೇ ಹೆಚ್ಚು. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಖಾಸಗಿ ವಾಹನದ ನೋಂದಣಿ 15 ವರ್ಷ ಮಾತ್ರ ಊರ್ಜಿತ. ಆಮೇಲೆ ತಪಾಸಣೆಗೆ ಒಡ್ಡಿ, ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಐದೈದು ವರ್ಷಕ್ಕೆ ನವೀಕರಿಸಬೇಕು. ಕರ್ನಾಟಕದಲ್ಲಿ ಹಸಿರು ತೆರಿಗೆಯೂ ಸೇರುತ್ತದೆ. ಮಂಡ್ಯದ ಕೆಎ-11 ಗಾಡಿಗೆ ಹೆಸರು ಬದಲಾವಣೆ ಎಂದರೆ ನಮೂನೆ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ದೆಹಲಿ ಸುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನ ಗಾಡಿಗಳು ಅಗ್ಗವಾಗಿ ಕಾಣುತ್ತವೆ. ಪತ್ರ, ತೆರಿಗೆ, ಸಾಗಾಟ ಸೇರಿಸಿದರೆ ಆ ಅಗ್ಗ ಉಳಿಯುವುದು ಅಪರೂಪ. ಹರಿಯಾಣದ ಮಂಡಿ ದಬ್ವಾಲಿಯಂಥ ಕಡೆ ಹೊಸದಾಗಿ ಕಟ್ಟಿಸಿದ ಅಲಂಕಾರದ ಜೀಪುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೂಲ ಗಾಡಿ ಯಾವುದು, ಆರ್‌ಸಿ ಯಾವ ಗಾಡಿಯದು ಎಂಬ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಸಿಗದಿದ್ದರೆ ಕೊಳ್ಳಬಾರದು. ಕೊಂಡ ಮೇಲೆ ಎಂಜಿನ್ ಬದಲಿಸುವುದು, ಟೂವೀಲನ್ನು ಫೋರ್‌ವೀಲ್ ಮಾಡಿಸುವುದು ಇವಕ್ಕೂ ಕಾಯ್ದೆಯ 52ನೇ ಕಲಮಿನಡಿ ಆರ್‌ಸಿಯಲ್ಲಿ ನಮೂದು ಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಹುಡುಕುವುದು ಅದನ್ನೇ.

ನೀರು ಒಳಗೆ ಹೋಗುವ ದಾರಿ

ಓಡಿ ಬಂದ ಗಾಡಿಯ ಆಕ್ಸಲ್ ಹೌಸಿಂಗ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ತಣ್ಣನೆಯ ನೀರಿಗೆ ಇಳಿಸಿದರೆ ಆ ಗಾಳಿ ಥಟ್ಟನೆ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿನ ಉಸಿರುಗಂಡಿ, ಅಂದರೆ ಬ್ರೀದರ್, ಕೆಸರಿನಿಂದ ಮುಚ್ಚಿಹೋಗಿದ್ದರೆ ಎಳೆತವೆಲ್ಲ ಆಯಿಲ್ ಸೀಲುಗಳ ಮೇಲೆ. ಸೀಲಿನ ತುಟಿ ಒಳಗಿನ ಎಣ್ಣೆಯನ್ನು ತಡೆಯಲು ಮಾಡಿದ್ದು. ಹೊರಗಿನ ನೀರನ್ನು ಅಷ್ಟಾಗಿ ತಡೆಯದು. ಮೊಣಕಾಲುದ್ದದ ನೀರಿನಲ್ಲಿ ಎರಡು ನಿಮಿಷ ನಿಂತ ಜೀಪೂ ಹೀಗೆ ನೀರು ಕುಡಿಯಬಲ್ಲದು. ಎಣ್ಣೆಯೊಂದಿಗೆ ಕಲೆತ ನೀರು ಹಾಲುಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ, ಹಲ್ಲುಗಳ ನಡುವಿನ ಎಣ್ಣೆಪದರವನ್ನು ಒಡೆಯುತ್ತದೆ. ಬೇರಿಂಗಿನಲ್ಲಿ ತುಕ್ಕಿನ ಚುಕ್ಕೆ ಬಿದ್ದ ಮೇಲೆ ಹೊಸ ಎಣ್ಣೆ ಹಾಕಿ ಪ್ರಯೋಜನವಿಲ್ಲ. ಊಳಿಡುವ ಸದ್ದು ಶುರುವಾಗುತ್ತದೆ.

ಪರೀಕ್ಷೆ ಸುಲಭ. ಗಾಡಿಯನ್ನು ಒಂದು ರಾತ್ರಿ ಸಮತಟ್ಟು ನೆಲದಲ್ಲಿ ನಿಲ್ಲಿಸಬೇಕು. ಎಣ್ಣೆಗಿಂತ ಭಾರವಾದ ನೀರು ಬೆಳಗಾಗುವಷ್ಟರಲ್ಲಿ ತಳ ಸೇರಿರುತ್ತದೆ. ಡ್ರೈನ್ ಪ್ಲಗ್ಗನ್ನು ಬಿಚ್ಚದೆ, ನಾಲ್ಕು ಸುತ್ತು ಸಡಿಲಿಸಿದರೆ ಮೊದಲು ತೊಟ್ಟಿಕ್ಕುವುದು ನೀರೋ ಎಣ್ಣೆಯೋ ಗೊತ್ತಾಗುತ್ತದೆ. ಇದಕ್ಕೂ ಮುಂಚೆ ಮಾಡಬೇಕಾದದ್ದೊಂದಿದೆ: ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ನೋಡುವುದು. ಎಣ್ಣೆ ಬಸಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕೂತಿದೆ ಎಂದು ತಿಳಿದರೆ ಗಾಡಿಯನ್ನು ವರ್ಕ್‌ಶಾಪಿಗೆ ಕಟ್ಟಿ ಎಳೆಯಬೇಕಾಗುತ್ತದೆ.

ನೀರು ಬಂದಿದ್ದರೆ ಪೂರ್ತಿ ಬಸಿದು, ಹೊಸ ಎಣ್ಣೆ ಹಾಕಿ, ಸ್ವಲ್ಪ ದೂರ ಓಡಿಸಿ, ಮತ್ತೊಮ್ಮೆ ಬಸಿದರೆ ಉತ್ತಮ. ನೀರು ಕಾಣದಿದ್ದರೂ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಎರಡೂ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್ ಎಣ್ಣೆ ಬದಲಿಸುವುದು ಈ ಸೀಮೆಗೆ ಹೊಂದುವ ಲೆಕ್ಕ. ಸಾಮಾನ್ಯವಾಗಿ 90 ನಂಬರಿನ ಗೇರ್ ಆಯಿಲ್ ಸಾಕು, ಆದರೆ ಡಬ್ಬದ ಮೇಲಿನ ದರ್ಜೆ ಓದಬೇಕು. ಡಿಫರೆನ್ಷಿಯಲ್‌ಗೆ ಹೇಳಿ ಮಾಡಿಸಿದ ಜಿಎಲ್-5 ಎಣ್ಣೆಯಲ್ಲಿರುವ ಗಂಧಕದ ಮಿಶ್ರಣ ಕೆಲವು ಹಳೆಯ ಗೇರ್‌ಬಾಕ್ಸುಗಳ ಹಿತ್ತಾಳೆ ರಿಂಗುಗಳನ್ನು ತಿನ್ನಬಲ್ಲದು. ಅಲ್ಲಿಗೆ ಜಿಎಲ್-4 ಕ್ಷೇಮ. ಬ್ರೀದರಿಗೆ ಒಂದು ರಬ್ಬರ್ ಕೊಳವೆ ಜೋಡಿಸಿ, ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟುವುದು ಖರ್ಚಿಲ್ಲದ ಉಪಾಯ. ಇಷ್ಟು ಸಣ್ಣ ಕೆಲಸವನ್ನು ಬಿಟ್ಟು ಸಾವಿರಾರು ರೂಪಾಯಿಯ ಲೈಟು, ಬಂಪರುಗಳನ್ನು ಮೊದಲು ಹಾಕಿಸುವ ಪದ್ಧತಿ ವಿಚಿತ್ರ.

ವಿಲ್ಲಿಸ್ ಸಂತತಿಯ ಜೀಪುಗಳಲ್ಲಿ ಇನ್ನೊಂದು ಗೊಂದಲವಿದೆ. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ನಡುವಿನ ಸೀಲು ಸವೆದರೆ ಒಂದರ ಎಣ್ಣೆ ಇನ್ನೊಂದಕ್ಕೆ ಹರಿಯುತ್ತದೆ. ಹೊರಗೆ ಒಂದು ಹನಿ ಸೋರದಿದ್ದರೂ ಒಂದು ಬರಿದಾಗಿ, ಇನ್ನೊಂದು ತುಂಬಿ ತುಳುಕುತ್ತದೆ. ಆದ್ದರಿಂದ ಎರಡರ ಮಟ್ಟವನ್ನೂ ಒಟ್ಟಿಗೇ ನೋಡಬೇಕು.

ಮುಂದಿನ ಆಕ್ಸಲ್ ಮತ್ತು ಗ್ರೀಸ್

ಮುಂದಿನ ಚಕ್ರಗಳು ಎಳೆಯಲೂ ಬೇಕು, ತಿರುಗಲೂ ಬೇಕು. ಅದಕ್ಕಾಗಿ ಆಕ್ಸಲ್ ತುದಿಯಲ್ಲಿ ಗುಂಡನೆಯ ನಕಲ್ ಇರುತ್ತದೆ. ಅದರ ಹೊರಮೈ ನುಣುಪಾಗಿರುವವರೆಗೆ ಸೀಲು ಕೂರುತ್ತದೆ. ಗದ್ದೆಯ ಕೆಸರು ಅಲ್ಲೇ ಒಣಗಿದರೆ ಮರುದಿನ ಸ್ಟೀರಿಂಗ್ ತಿರುಗಿಸಿದಾಗ ಮರಳಿನ ಕಾಗದದಂತೆ ಉಜ್ಜಿ ಗೀರು ಹಾಕುತ್ತದೆ. ಗೀರಿನ ದಾರಿಯಲ್ಲಿ ಗ್ರೀಸ್ ಹೊರಗೆ, ನೀರು ಒಳಗೆ. ಕೆಸರಿನಿಂದ ಬಂದ ಸಂಜೆಯೇ ನಕಲ್ ಸುತ್ತ ತೊಳೆದು ಒರೆಸುವುದು ಸಾಕು, ಆದರೆ ಅಂದೇ ಆಗಬೇಕು. ವಾಟರ್ ಸರ್ವಿಸಿನವರ ಜೋರು ಪೈಪನ್ನು ಸೀಲಿಗೆ ನೇರವಾಗಿ ಹಿಡಿಸಬಾರದು. ಕೆರೆಯೇ ತಳ್ಳದಷ್ಟು ನೀರನ್ನು ಅದು ಒಳಗೆ ತಳ್ಳುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್‌ಗಳು, ಶಾಫ್ಟಿನ ಜಾರುವ ಕೊಳವೆ, ಶ್ಯಾಕಲ್, ಟೈರಾಡ್ ಇವುಗಳ ನಿಪ್ಪಲ್‌ಗಳಿಗೆ ತಿಂಗಳಿಗೊಮ್ಮೆ, ನೀರಿಗೆ ಇಳಿದರೆ ಆ ವಾರವೇ ಗ್ರೀಸ್ ಹೊಡೆಯಬೇಕು. ಹಳೆಯ ಗ್ರೀಸ್ ಕೆಸರಿನ ಸಮೇತ ಹೊರಬಂದು ಹೊಸದು ಇಣುಕುವವರೆಗೆ ಒತ್ತಬೇಕು. ಕ್ರಾಸ್‌ನ ನಾಲ್ಕು ಬಾಯಿಗಳಲ್ಲಿ ಮೂರರಿಂದ ಮಾತ್ರ ಬಂದರೆ ನಾಲ್ಕನೆಯದು ಒಣಗಿದೆ ಎಂದರ್ಥ. ಅದು ಮುರಿಯುವ ಮೊದಲೇ ಬದಲಿಸಬೇಕು. ಹೊರಟಾಗ ಕೆಳಗೆ ‘ಟಣ್’ ಎನ್ನುವ ಸದ್ದು ಬಂದರೆ ಸಾಮಾನ್ಯವಾಗಿ ಕ್ರಾಸಿನದೇ. ಕಬ್ಬು ಕಡಿದ ಹೊಲದ ಒಣ ತರಗು ಶಾಫ್ಟಿಗೆ ಸುತ್ತಿಕೊಂಡು ಸೀಲು ಕೀಳುತ್ತದೆ, ಸೈಲೆನ್ಸರ್ ಪೈಪಿನ ಮೇಲೆ ಕೂತರೆ ಬೆಂಕಿಯನ್ನೂ ಹಿಡಿಸಬಲ್ಲದು.

ಬ್ರೇಕು, ಸ್ಟೀರಿಂಗು

ಹಳೆಯ ಜೀಪುಗಳ ಬಹುಪಾಲು ಬ್ರೇಕು ನಾಲ್ಕೂ ಕಡೆ ಡ್ರಮ್, ಮತ್ತು ಎಲ್ಲಕ್ಕೂ ಒಂದೇ ಪೈಪ್‌ಲೈನ್. ಒಂದು ಚಕ್ರದ ಸಿಲಿಂಡರ್ ಸೋರಿದರೆ ನಾಲ್ಕೂ ಹೋಗುತ್ತವೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುವ ದ್ರವ. ತೇವ ಸೇರಿದ ಹಾಗೆ ಅದು ಕುದಿಯುವ ಬಿಸಿ ಇಳಿಯುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಸ್ಪಂಜಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಸಿಲಿಂಡರ್ ಒಳಗಿನ ತುಕ್ಕೂ ತಪ್ಪುತ್ತದೆ. ಕೆಸರಿನಿಂದ ಎದ್ದು ಬಂದೊಡನೆ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದು ಕೆಲವು ಮಾರು ಓಡಿಸಿದರೆ ಲೈನರ್ ಒಣಗುತ್ತದೆ. ಡ್ರಮ್ ಒಳಗೆ ಕೂತ ಕೆಸರು ಒಣಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು.

ಎಚ್ಚರಿಕೆ: ಹಳೆಯ ಕೆಲವು ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಶಾಫ್ಟಿನ ಮೇಲೆ. ಹಿಂದಿನ ಒಂದು ಚಕ್ರವನ್ನು ಜಾಕ್ ಹಾಕಿ ಎತ್ತಿದ ಕೂಡಲೇ ಡಿಫರೆನ್ಷಿಯಲ್ ಮೂಲಕ ಆ ಚಕ್ರ ಬಿಟ್ಟುಕೊಟ್ಟು, ನೆಲದ ಮೇಲಿನ ಚಕ್ರ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದೆ ಎಂದು ಗಾಡಿಯ ಕೆಳಗೆ ತೂರಿದವರ ಮೇಲೆಯೇ ಗಾಡಿ ಬರಬಹುದು. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡದೆ ಜಾಕ್ ಹಾಕಬಾರದು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರಿನಲ್ಲಿ ನಿಲ್ಲಿಸಿದ್ದಕ್ಕೂ ಬೆಲೆಯಿಲ್ಲ.

ಗುಂಡಿಗೆ ಬಿದ್ದೊಡನೆ ಸ್ಟೀರಿಂಗ್ ಗಡಗಡ ಅದುರಿ ನಿಲ್ಲದಿದ್ದರೆ, ಕಿಂಗ್‌ಪಿನ್ ಬಿಗಿ, ಟೈರಾಡ್, ಪಟ್ಟಾ ಬುಷ್, ಚಕ್ರದ ಬ್ಯಾಲೆನ್ಸ್ ಈ ಕ್ರಮದಲ್ಲಿ ನೋಡಬೇಕು. ಡ್ಯಾಂಪರ್ ಕೂರಿಸಿ ಅದುರನ್ನು ಅಡಗಿಸುವುದು ಸವೆತವನ್ನು ಮರೆಮಾಚಿದಂತೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥ ಇಂಥ ಗಾಡಿಯನ್ನು ಪರೀಕ್ಷಿಸುವ ಜಾಗವಲ್ಲ. ಮದ್ದೂರಿಂದ ಮಂಡ್ಯಕ್ಕೆ ಸರ್ವಿಸ್ ರಸ್ತೆಯೇ ಅದಕ್ಕೆ ತಕ್ಕದ್ದು.

ಕೆಸರಿಗೆ ಇಳಿಸುವ ಮುನ್ನ

1. ಸಿಕ್ಕಿಕೊಂಡ ಮೇಲಲ್ಲ, ಇಳಿಯುವ ಮೊದಲೇ ಫೋರ್‌ವೀಲ್ ಹಾಕಬೇಕು. ಹಬ್ ಲಾಕ್ ಇರುವ ಗಾಡಿಯಲ್ಲಿ ಮೊದಲು ಹಬ್ ತಿರುಗಿಸಿ, ಆಮೇಲೆ ಲಿವರ್. ಲೋ ಗೇರನ್ನು ಗಾಡಿ ಪೂರ್ತಿ ನಿಂತ ಮೇಲೆ ಹಾಕಬೇಕು.

2. ಗಾಳಿಯನ್ನು 18–20 ಪೌಂಡಿಗೆ ಇಳಿಸಿದರೆ ಟೈರು ಅಗಲವಾಗಿ ಕೂತು ಹೂಳುವುದು ಕಡಿಮೆ. ಟ್ಯೂಬ್ ಇರುವ ಟೈರಿನಲ್ಲಿ ಇನ್ನೂ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತು ಬರುತ್ತದೆ. ಟಾರು ಹತ್ತುವ ಮೊದಲು ಗಾಳಿ ತುಂಬಬೇಕು.

3. ಬಿಸಿ ಆಕ್ಸಲನ್ನು ನೀರಿಗಿಳಿಸುವ ಮುನ್ನ ಹತ್ತು ನಿಮಿಷ ಆರಲು ಬಿಡಬೇಕು. ಹರಿಯುವ ನೀರಾದರೆ ನಡೆದು ನೋಡದೆ ಇಳಿಯಬಾರದು.

4. ಚಕ್ರ ಸುಮ್ಮನೆ ಸುತ್ತುತ್ತಿದ್ದರೆ ಆಕ್ಸಿಲರೇಟರ್ ಬಿಡಬೇಕು. ಇನ್ನಷ್ಟು ಒತ್ತಿದರೆ ಹೌಸಿಂಗ್ ನೆಲಕ್ಕೆ ಕೂರುತ್ತದೆ, ಆಮೇಲೆ ಟ್ರ್ಯಾಕ್ಟರ್ ಒಂದೇ ಗತಿ.

ಟ್ರ್ಯಾಕ್ಟರ್ ಬಂದಾಗ ಆಗುವ ಹಾನಿ ಸಿಕ್ಕಿಕೊಂಡದ್ದಕ್ಕಿಂತ ದೊಡ್ಡದಾಗಿರುತ್ತದೆ. ಸರಪಳಿಯನ್ನು ಬಂಪರಿಗೋ, ಟೈರಾಡಿಗೋ ಕಟ್ಟಿ ಜಗ್ಗುವುದೇ ಸಾಮಾನ್ಯ ತಪ್ಪು. ಚಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಗೆ ಕಟ್ಟಿ, ಸಡಿಲು ತೆಗೆದು, ಜರ್ಕ್ ಕೊಡದೆ ಎಳೆಸಬೇಕು. ವೈರ್ ರೋಪ್ ಎಳೆಯುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು.

ನಾಲೆ ಏರಿಯ ಮೇಲೆ ಫೋರ್‌ವೀಲ್ ಯಾವ ರಕ್ಷಣೆಯನ್ನೂ ಕೊಡದು. ಅಂಚಿನ ಮಣ್ಣು ಒಳಗೇ ನೆನೆದಿರುತ್ತದೆ, ಮೇಲೆ ಹುಲ್ಲು ಗಟ್ಟಿಯಂತೆ ಕಾಣುತ್ತದೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು. ಎದುರಿಗೆ ಗಾಡಿ ಬಂದರೆ ನೀರಿನ ಕಡೆಯ ಅಂಚಿಗೆ ಸರಿಯುವುದಕ್ಕಿಂತ ಹಿಂದಕ್ಕೆ ತೆಗೆದುಕೊಳ್ಳುವುದೇ ಮೇಲು.

ಭಾರ, ಬಿಡಿಭಾಗ

ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಸಾಗಿಸಲು ಪಟ್ಟಾಕ್ಕೆ ಇನ್ನೆರಡು ಎಲೆ ಸೇರಿಸುವವರಿದ್ದಾರೆ. ಪಟ್ಟಾ ಬಾಗದಿದ್ದರೆ ಗುಂಡಿಯ ಹೊಡೆತ ಎಲ್ಲಿಗೆ ಹೋಗಬೇಕು? ಚಾಸಿಗೆ. ಹ್ಯಾಂಗರ್ ಬುಡದ ಬಿರುಕು ಹುಟ್ಟುವುದು ಹೀಗೆ. ಬಾಡಿಗೆಗೆ ಸರಕು ಹೊರುವ ಬಿಳಿ ಬೋರ್ಡಿನ ಜೀಪಿಗೆ ವಿಮೆಯೂ ಕೈಕೊಡುತ್ತದೆ.

ಮಹೀಂದ್ರ ಜೀಪಿನ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ, ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಹೋಗುವುದು ಲೇಸು, ಏಕೆಂದರೆ ಒಂದೇ ಹೆಸರಿನ ಸೀಲಿಗೆ, ಕ್ರಾಸಿಗೆ ಬೇರೆ ಬೇರೆ ಅಳತೆಗಳಿವೆ. ಬೇರಿಂಗ್ ಮತ್ತು ಸೀಲಿನಲ್ಲಿ ಅಗ್ಗದ ಮಾಲು ಕೊಳ್ಳಬಾರದು. ಜೋಂಗಾ ಕೊಳ್ಳುವವರು ಗಾಡಿಗಿಂತ ಮೊದಲು ಬಿಡಿಭಾಗದ ದಾರಿ ಹುಡುಕಿಕೊಂಡಿರಬೇಕು.

ನಿಂತ ಗಾಡಿ

ಫೋರ್‌ವೀಲ್ ಹಾಕದೆ, ಹಬ್ ಲಾಕ್ ಬಿಡಿಸಿಟ್ಟು ಓಡಿಸುವ ಗಾಡಿಯ ಮುಂದಿನ ಡಿಫರೆನ್ಷಿಯಲ್ ತಿರುಗುವುದೇ ಇಲ್ಲ. ಎಣ್ಣೆ ತಳದಲ್ಲೇ ಉಳಿದು, ಮೇಲಿನ ಹಲ್ಲು, ಬೇರಿಂಗುಗಳು ಒಣಗಿ ತುಕ್ಕು ಹಿಡಿಯುತ್ತವೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಎರಡು ಮೂರು ಕಿಲೋಮೀಟರ್ ಫೋರ್‌ವೀಲ್ ಹಾಕಿ ಓಡಿಸಿದರೆ ಎಣ್ಣೆ ಎಲ್ಲ ಕಡೆ ಹರಡುತ್ತದೆ, ಲಿವರ್‌ಗಳೂ ಹಿಡಿದುಕೊಳ್ಳುವುದಿಲ್ಲ. ನಿಂತಲ್ಲೇ ಐದು ನಿಮಿಷ ಎಂಜಿನ್ ಆನ್ ಮಾಡಿ ಆಫ್ ಮಾಡುವುದು ಇದಕ್ಕೆ ಬದಲಿಯಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ.

ಡೀಸೆಲ್ ಗಾಡಿಯನ್ನು ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು. ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿಯ ತಂಪಿಗೆ ನೀರಾಗಿ ಪಂಪಿಗೆ ಇಳಿಯುತ್ತದೆ. ಪೆಟ್ರೋಲ್ ಗಾಡಿಗೆ ಲೆಕ್ಕ ಉಲ್ಟಾ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಕಾರ್ಬುರೇಟರ್ ಡಯಾಫ್ರಮ್ಮನ್ನು ಮೆತ್ತಗಾಗಿಸುತ್ತದೆ. ಕಬ್ಬಿನ ಸೀಮೆಯ ಹಳೆಯ ಜಿಪ್ಸಿಗೆ ಕಬ್ಬಿನಿಂದಲೇ ಬರುವ ಎಥನಾಲ್ ಒಗ್ಗದಿರುವುದು ತಮಾಷೆಯೇ ಸರಿ. ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಬೇಕು, ಎರಡು ತಿಂಗಳಿಗೂ ಹೆಚ್ಚು ನಿಲ್ಲಿಸುವುದಾದರೆ ಕಾರ್ಬುರೇಟರ್ ಬರಿದು ಮಾಡಬೇಕು.

ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಬೇಕು. ಹ್ಯಾಂಡ್‌ಬ್ರೇಕ್ ಎಳೆದು ತಿಂಗಳುಗಟ್ಟಲೆ ಬಿಟ್ಟರೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು ಬ್ರೇಕ್ ಬಿಡಬೇಕು. ಕಬ್ಬಿನ ಕಟಾವಿನ ಹೊತ್ತಿಗೆ ಹೊಲದ ಇಲಿಗಳು ಕೊಟ್ಟಿಗೆ ಸೇರುತ್ತವೆ, ಏರ್ ಫಿಲ್ಟರ್ ಡಬ್ಬದಲ್ಲಿ ಗೂಡು ಕಟ್ಟಿ ವೈರಿಂಗ್ ಕಡಿಯುತ್ತವೆ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ಫಿಲ್ಟರ್, ಫ್ಯಾನ್ ಬೆಲ್ಟ್, ವೈರು, ಎಣ್ಣೆಮಟ್ಟ, ರೇಡಿಯೇಟರ್ ನೀರು ನೋಡಿ, ಬ್ರೇಕ್ ಪೆಡಲನ್ನು ನಾಲ್ಕಾರು ಸಲ ಒತ್ತಿ ಅದು ಕೆಳಗಿಳಿಯದೆ ನಿಲ್ಲುತ್ತದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಕೀಲಿ ತಿರುಗಿಸಬೇಕು.